ಸಂದಿನಿಂದ ಜಾರಿದ ಚೆಂಡು

"ಇಷ್ಟೊಂದು ಕಂಬಿ ಯಾಕ್ರೀ? ನಾನು ಕಟ್ಟಿಸ್ತಿರೋದು ಮನೆ, ಜೈಲಲ್ಲ!"

ಹಾರ್ಡ್‌ವೇರ್ ಅಂಗಡಿಯ ಕೌಂಟರಿನಲ್ಲಿ ಲೆಕ್ಕ ಹಾಕುತ್ತಿದ್ದ ಅವಳು ತಲೆ ಎತ್ತಿದಳು. ಎದುರಿಗೆ ಎತ್ತರದ ಮನುಷ್ಯ. ಅವನ ಹೆಗಲೇರಿದ ಪುಟ್ಟ ಹುಡುಗಿ ಅವನ ಕಿವಿ ಹಿಡಿದು ಜಗ್ಗುತ್ತಿದ್ದಳು. ಆ ಸಿಟ್ಟಿನ ಮುಖಕ್ಕೂ ಕೆಂಪಾದ ಕಿವಿಗೂ ತಾಳಮೇಳವೇ ಇರಲಿಲ್ಲ!

"ಡೆಕ್ಕು, ಆ ತೆರೆದ ಜಗಲಿ, ಮಹಡಿ ಮೇಲೆ ಅಂದ್ರಲ್ಲ? ರೇಲಿಂಗಿನ ಕಂಬಿ ಕಂಬಿ ಮಧ್ಯೆ ಸಂದು ನಾಲ್ಕಿಂಚಿಗಿಂತ ಕಮ್ಮಿ ಇರ್ಬೇಕು. ಅಷ್ಟಗಲದ ಚೆಂಡು ಆಚೆ ಹೋಗ್ಬಾರ್ದು. ಚೆಂಡು ಹೋದ್ರೆ ಮಗೂನೂ ಹೋಗುತ್ತೆ."

"ಇವಳಮ್ಮಂಗೆ ಅಲ್ಲಿ ಕೂತ್ರೆ ರಸ್ತೆ ಕಾಣ್ಬೇಕಂತೆ ರೀ. ಅಡ್ಡಡ್ಡ ಎರಡು ಕಂಬಿ ಹಾಕ್ಬಿಟ್ರೆ?"

"ಮಕ್ಕಳಿಗೆ ಏಣಿ ಮಾಡಿಕೊಟ್ಟ ಹಾಗಾಗುತ್ತೆ!"

ಅವಳು ಎಡಗೈಯಿಂದ ಲೆಕ್ಕದ ಚೀಟಿಯನ್ನು ಅವನತ್ತ ತಳ್ಳಿದಳು. ಮೂರು ವರ್ಷದವಳಿದ್ದಾಗ ಇಂಥದ್ದೇ ಒಂದು ಸಂದಿನಿಂದ ಕೆಳಗೆ ಬಿದ್ದವಳು ಅವಳು. ಎಡಗೈ ಇವತ್ತಿಗೂ ನೆಟ್ಟಗಾಗುವುದಿಲ್ಲ. ಅವನ ಕಣ್ಣು ಆ ಕೈಯ ಮೇಲೆ ಒಂದು ಕ್ಷಣ ನಿಂತಿತು.

"ಸರಿ... ನೀವು ಹೇಳಿದ ಹಾಗೇ ಆಗ್ಲಿ," ಎಂದ ಮೆತ್ತಗೆ.

ಅವನು ಶಾಲೆಯ ಡ್ರಾಯಿಂಗ್ ಮೇಷ್ಟ್ರು. ರೇಲಿಂಗ್ ತಾನೇ ಕೂರಿಸುತ್ತೇನೆಂಬ ಹಠ. ಅಂದಿನಿಂದ ದಿನಾ ಸಂಜೆ ಅಂಗಡಿಗೆ ಹಾಜರ್! ಇವತ್ತು ಒಂದು ಸ್ಕ್ರೂ, ನಾಳೆ ಒಂದು ವಾಷರ್. ಅಂಗಡಿಯ ಯಜಮಾನರಾದ ಅವಳ ಚಿಕ್ಕಪ್ಪ ಮೀಸೆಯಲ್ಲೇ ನಗುತ್ತಿದ್ದರು.

ಅವಳಿಗೆ ಮಾತ್ರ ನಗು ಬರಲಿಲ್ಲ. 'ಇವಳಮ್ಮ ಅಂದರೆ ಇವನ ಹೆಂಡತಿ ತಾನೇ? ಥೂ, ಮದುವೆಯಾದವನ ದಾರಿ ಕಾಯ್ತೀಯಲ್ಲೇ!' ಎಂದು ತನಗೆ ತಾನೇ ಛೀಮಾರಿ ಹಾಕಿಕೊಂಡಳು. ಅವನು ಬಂದರೆ ತಲೆಯನ್ನೇ ಎತ್ತದಾದಳು. ಒಂದು ದಿನ ಅವನೂ ಬರುವುದನ್ನು ಬಿಟ್ಟ. ನೆಮ್ಮದಿಯಾಗಬೇಕಿತ್ತು... ಆಗಲಿಲ್ಲ.

ಆ ವಾರವೇ ಒಬ್ಬ ಗಿರಾಕಿ ಕಂಬಿ ತಿರುಗಿಸಿ ನೋಡಿ ಗೊಣಗಿದ. "ಏನಮ್ಮ ಇದು, ಈ ಸಲದ ಮಾಲು ಕಡ್ಡಿ ಹಾಗಿದೆ?"

ಅವಳು ಟೇಪ್ ಹಿಡಿದು ನೋಡಿದಳು. ಹೌದು, ತೆಳ್ಳಗಿದೆ! ಅವಳು ಮೇಷ್ಟ್ರಿಗೆ ಲೆಕ್ಕ ಹಾಕಿದ್ದು ಹಳೆಯ ದಪ್ಪ ಕಂಬಿಗೆ. ಗೋಡೌನಿನಿಂದ ಹೋದದ್ದು ಈ ಹೊಸ ಮಾಲು. ಕಂಬಿಗಳ ಎಣಿಕೆ ಅಷ್ಟೇ, ದಪ್ಪ ಕಮ್ಮಿ... ಅಂದರೆ ಪ್ರತಿಯೊಂದು ಸಂದೂ ಅಗಲ!

ಅವನಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಇಲ್ಲ.

"ಚಿಕ್ಕಪ್ಪ, ಸ್ಕೂಟರ್ ಕೀ ಕೊಡಿ! ನನ್ನ ಕೈಯಾರೆ ಒಂದು ಮಗೂನ..." ಕೀ ಕಸಿದುಕೊಂಡು ಓಡಿದಳು.

ಬಿಲ್ಲಿನ ಮೇಲಿದ್ದ ವಿಳಾಸ ಹಿಡಿದು ಹೊರಟವಳಿಗೆ ದಾರಿಯುದ್ದಕ್ಕೂ ಕಣ್ಣ ಮುಂದೆ ಅವನ ಕಿವಿ ಜಗ್ಗುತ್ತಿದ್ದ ಅದೇ ಪುಟ್ಟ ಕೈ. 'ಏನೂ ಆಗದಿರಲಿ... ಅಯ್ಯೋ, ಏನೂ ಆಗದಿರಲಿ!'

ಮನೆಯ ಮುಂದೆ ಸ್ಕೂಟರ್ ನಿಲ್ಲಿಸುವುದಕ್ಕೂ ಮೇಲಿನಿಂದ ಏನೋ ಧೊಪ್ಪನೆ ಬೀಳುವುದಕ್ಕೂ ಸರಿಹೋಯಿತು.

ಕೆಂಪು ಚೆಂಡು! ಪುಟಿದು ಪುಟಿದು ಅವಳ ಕಾಲ ಬಳಿ ಬಂದು ನಿಂತಿತು. ಇನ್ನು ಚೆಂಡಿನ ಹಿಂದೆಯೇ ಮಗು...

ತಲೆ ಎತ್ತಲು ಧೈರ್ಯ ಸಾಲಲಿಲ್ಲ. ಹೊರಗಿನ ಮೆಟ್ಟಿಲು ಹೇಗೆ ಹತ್ತಿದಳೋ ಅವಳಿಗೇ ಗೊತ್ತಿಲ್ಲ.

"ಮಗು! ಮಗು ಎಲ್ಲಿ?"

ಡೆಕ್ಕಿನ ಮೇಲೆ ಮಂಡಿಯೂರಿದ್ದ ಮೇಷ್ಟ್ರು ಬೆಚ್ಚಿ ತಿರುಗಿದ. "ಒಳಗೆ ಮಲಗಿದಾಳೆ! ಈ ಬಾಗಿಲಿಗೆ ಹೊರಗಿಂದ ಚಿಲಕ ಹಾಕಿದೀನಿ, ನೋಡಿ. ಯಾಕ್ರೀ, ಏನಾಯ್ತು?"

ಅವಳು ಅಲ್ಲೇ ಕುಸಿದು ಕುಳಿತಳು. ಅಳು ಒತ್ತರಿಸಿ ಬಂತು. "ಚೆಂಡು ಬಿತ್ತಲ್ಲ..."

"ನಾಲ್ಕಿಂಚಿನ ಚೆಂಡು, ನಾನೇ ಉರುಳಿಸಿದ್ದು. ಈಗ ತಾನೇ ಕೊನೇ ಕಂಬಿ ಕೂರಿಸ್ದೆ. ನೀವು ಹೇಳಿದ್ರಲ್ಲ, ಚೆಂಡು ಹೋಗ್ಬಾರ್ದು ಅಂತ? ಎಲ್ಲೋ ಹೆಚ್ಚುಕಮ್ಮಿ ಆಗಿದೆ."

"ಲೆಕ್ಕ ತಪ್ಪಿದ್ದು ನಾನು... ಫೋನ್ ಯಾಕೆ ಎತ್ತಲಿಲ್ಲ? ನಿಮ್ಮ ಹೆಂಡತಿಗೆ ನಾನು ಏನಂತ ಮುಖ ತೋರಿಸ್ಬೇಕಿತ್ತು?"

"ಮಗು ಏಳುತ್ತೆ ಅಂತ ಸೈಲೆಂಟ್‌ಗೆ ಹಾಕಿದ್ದೆ... ಇರಿ, ಹೆಂಡತೀನಾ? ಯಾರ ಹೆಂಡತಿ?"

ಅಷ್ಟರಲ್ಲಿ ಬಾಗಿಲ ಆಚೆಯಿಂದ ನಿದ್ದೆಗಣ್ಣಿನ ದನಿ. "ಮಾಮಾ... ಬಾಗ್ಲು!"

ಅವಳ ಅಳು ಅರ್ಧಕ್ಕೇ ನಿಂತಿತು.

ಅವನು ಚಿಲಕ ತೆಗೆದು ಮಗುವನ್ನು ಎತ್ತಿಕೊಂಡ. "ಇವಳಮ್ಮ ನಮ್ಮಕ್ಕ. ಬಸ್ ಕಂಡಕ್ಟರ್. ದಿನವಿಡೀ ನಿಂತು ಸಾಕಾಗಿದೆ, ಕೂತ್ಕೊಂಡು ರಸ್ತೆ ನೋಡ್ಬೇಕು ಅಂತಾಳೆ. ಅದಕ್ಕಾ ನೀವು ಮುಖ ತಿರುಗಿಸ್ತಿದ್ದದ್ದು? ನಾನು ಬರೋದೇ ಇಷ್ಟ ಇಲ್ಲ ಅಂದ್ಕೊಂಡೆ."

"ನೀವೂ ಬಾಯಿಬಿಟ್ಟು ಹೇಳ್ಲಿಲ್ಲ!"

"ಒಂದೊಂದೇ ಸ್ಕ್ರೂ ತಗೊಳ್ಳೋಕೆ ಯಾರ್ರೀ ದಿನಾ ಅಂಗಡಿಗೆ ಬರ್ತಾರೆ? ನಿಮ್ಮನ್ನ ನೋಡದಿದ್ರೆ ದಿನ ಹೋಗ್ತಿರ್ಲಿಲ್ಲ ನನಗೆ. ನೀವಂದ್ರೆ ನನಗೆ ಪ್ರಾಣ."

ಅವಳ ಮುಖ ಕೆಂಪೇರಿತು. ಮಗು ಬಗ್ಗಿ ಅವಳ ಕಣ್ಣೀರನ್ನು ಬೆರಳಿನಿಂದ ಮುಟ್ಟಿ ನೋಡಿತು. ಅವಳು ಅದನ್ನು ಇಸಿದುಕೊಂಡು ಎದೆಗೆ ಅವಚಿಕೊಂಡಳು. ಸೊಟ್ಟಗಿನ ಎಡಗೈ ಅದಕ್ಕೆಂದೇ ಮಾಡಿದ ಹಾಗೆ ಮಗುವಿನ ಸುತ್ತ ಬಳಸಿತು.

"ಎಲ್ಲಾ ಬಿಚ್ಚಿ, ಕಂಬಿ ಸೇರಿಸಿ, ಮತ್ತೆ ಕೂರಿಸ್ಬೇಕು," ಎಂದಳು. "ತುಂಬಾ ದಿನ ಹಿಡಿಯುತ್ತೆ."

"ಹಿಡೀಲಿ. ಲೆಕ್ಕ ನೋಡೋಕೆ ನೀವು ದಿನಾ ಬರ್ತೀರಾ?"

"ಬರ್ತೀನಿ... ಆದ್ರೆ ನಾನು ಕೆಳಗಿರೋವಾಗ ಚೆಂಡು ಹಾಕ್ಬೇಡಿ. ಜೀವವೇ ಹೋಗುತ್ತೆ ನನಗೆ."

"ಇನ್ಮೇಲೆ ನೀವು ಮೇಲೇ ಇರಿ," ಎಂದ ಅವನು. "ಇಲ್ಲೇ, ನಮ್ಮ ಜೊತೆ."