ಬಸ್ಸಿನಲ್ಲಿ ಪರಿಚಯ

ಜನವರಿಯ ಒಂದು ಸಂಜೆ ಅವನು ತಲೆ ಮೇಲಿನ ಟೊಪ್ಪಿಯ ತುಂಬಾ ಹಿಮ ಹೊತ್ತುಕೊಂಡು ಡೆಟ್ರಾಯ್ಟ್‌ನ ನಮ್ಮ ಹೋಟೆಲಿನ ಲಾಬಿಗೆ ಬಂದು, ಕಾಫಿ ಯಂತ್ರದ ಪಕ್ಕ ನಿಂತು ಕಿಟಕಿಯಾಚೆ ನೋಡತೊಡಗಿದ. ಎದುರಿಗೆ ಕಾಣುವುದು ಸುರಂಗದ ಬಾಯಿ. ಅದನ್ನು ಹಾಗೆ ದಿಟ್ಟಿಸುವವರೆಲ್ಲರಿಗೂ ಒಂದೇ ಪ್ರಶ್ನೆ ಇರುತ್ತದೆ. ರಿಸೆಪ್ಷನ್‌ನಲ್ಲಿ ಹತ್ತೊಂಬತ್ತು ವರ್ಷ ನಿಂತವಳು ನಾನು, ಅವರು ಕೇಳುವ ತನಕ ಕಾಯುವುದಿಲ್ಲ.

"ಕೆನಡಾಕ್ಕಾ ಸರ್?" ಎಂದೆ.

"ಹೌದು," ಎಂದ.

"ಮೂರು ದಾರಿ ಇದೆ. ಕಾರಿದ್ರೆ ಸೇತುವೆ ಮೇಲೆ ಹೋಗಿ, ನದಿ ಚೆನ್ನಾಗಿ ಕಾಣುತ್ತೆ, ಆದ್ರೆ ಲಾರಿಗಳ ಕಾಟ. ಟ್ಯಾಕ್ಸಿ ಬೇಕಂದ್ರೆ ಗಡಿ ದಾಟೋಕೆ ಪರ್ಮಿಟ್ ಇರೋರನ್ನ ನಾನೇ ಕರೆಸ್ತೀನಿ. ಎರಡೂ ಬೇಡ ಅಂದ್ರೆ ಎದುರಿಗೇ ಸುರಂಗದ ಬಸ್ಸು, ನದಿ ಕೆಳಗಿಂದ ಹೋಗುತ್ತೆ, ಹತ್ತು ನಿಮಿಷಕ್ಕೆ ಆಚೆ ದಡದ ವಿಂಡ್ಸರ್. ನಡ್ಕೊಂಡು ಹೋಗೋಕೆ ಮಾತ್ರ ಬಿಡಲ್ಲ. ನಡೆಯೋಕೂ ಜಾಗ ಇರೋ ಹೊಸ ಸೇತುವೆ ಕಟ್ತಿದಾರೆ, ಅದು ಯಾವತ್ತು ಮುಗಿಯುತ್ತೋ ದೇವರಿಗೇ ಗೊತ್ತು. ಆಮೇಲೆ, ಬ್ಯಾಗಲ್ಲಿ ಸೇಬು ಗೀಬು ಇದ್ರೆ ಇಲ್ಲೇ ತಿಂದ್ಬಿಡಿ, ಗಡೀಲಿ ಹಣ್ಣು ಬಿಡಲ್ಲ. ಅಧಿಕಾರಿ ಏನ್ ಕೇಳಿದ್ರೂ ಚಿಕ್ಕದಾಗಿ ಉತ್ತರ ಕೊಡಿ. ತಮಾಷೆ ಮಾತ್ರ ಮಾಡ್ಬೇಡಿ."

ಅವನು ಟೊಪ್ಪಿ ಕೈಯಲ್ಲಿ ಹಿಡಿದು, ಪಾಠ ಕೇಳುವ ಹುಡುಗನಂತೆ ಕೊನೆಯವರೆಗೂ ಕೇಳಿದ.

"ತುಂಬಾ ಚೆನ್ನಾಗಿ ಹೇಳಿದ್ರಿ," ಎಂದ. "ಇಪ್ಪತ್ತಾರು ವರ್ಷದಿಂದ ದಿನಾ ಅದೇ ಬಸ್ಸಲ್ಲಿ ಮನೆಗೆ ಹೋಗ್ತಿದೀನಿ. ಇಷ್ಟೆಲ್ಲಾ ವಿಷಯ ನನಗೂ ಗೊತ್ತಿರಲಿಲ್ಲ."

ಬಾಗಿಲಲ್ಲಿದ್ದ ನಮ್ಮ ಡೋರ್‌ಮನ್ ಅರ್ಲ್ ಬಿದ್ದು ಬಿದ್ದು ನಕ್ಕ. ನನ್ನ ಕಿವಿ ಬಿಸಿಯಾಯಿತು.

"ಮೊದ್ಲೇ ಹೇಳ್ಬಾರ್ದಾಗಿತ್ತಾ?"

"ನಿಮ್ಮನ್ನ ತಡೆಯೋಕೆ ಮನಸ್ಸು ಬರಲಿಲ್ಲ."

ಅಷ್ಟು ಹೇಳಿ, ಬಿಟ್ಟಿ ಕಾಫಿ ತುಂಬಿಕೊಂಡು, ಬಸ್ಸು ಬಂದಿದ್ದೇ ಓಡಿದ. ನನಗೆ ನಲವತ್ತೇಳು ವಯಸ್ಸು, ಒಂದು ಮದುವೆ ಮುಗಿಸಿಕೊಂಡು ಕೂತಿದ್ದವಳು. ಆ ರಾತ್ರಿ ಮನೆಯಲ್ಲಿ ಪಾತ್ರೆ ತೊಳೆಯುವಾಗ ಒಬ್ಬಳೇ ನಕ್ಕೆ ಎಂದರೆ ನಂಬಬೇಕು.

ಅವನ ಹೆಸರು ರೆಮಿ ಮೆಲೋಶ್. ನದಿಯಾಚೆಯ ಹಳೆಯ ಫ್ರೆಂಚ್ ಮನೆತನ. ನಮ್ಮ ಕಡೆಯ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಹಿಂದೆ ಎರಡು ಸಲ ಮೂರ್ಛೆ ಬಂದಿದ್ದರಿಂದ ಕಾರು ಓಡಿಸುವ ಲೈಸೆನ್ಸ್ ಹೋಗಿತ್ತು, ಹಾಗಾಗಿ ಬಸ್ಸೇ ಗತಿ. ನನಗಂತೂ ಕಾರು ಕೊಳ್ಳುವ ಯೋಗವೇ ಬರಲಿಲ್ಲ. ಕಾರಿನ ಊರು ಎಂದು ಹೆಸರಾದ ಡೆಟ್ರಾಯ್ಟ್‌ನಲ್ಲಿ ಕಾರಿಲ್ಲದ ಇಬ್ಬರು ಹೀಗೆ ಒಬ್ಬರಿಗೊಬ್ಬರು ಸಿಕ್ಕೆವು.

ದಿನಾ ಸಂಜೆ ಬಸ್ಸಿಗೆ ಇಪ್ಪತ್ತು ನಿಮಿಷ ಮುಂಚೆ ಬರತೊಡಗಿದ. ಆಮೇಲೆ ಮೂವತ್ತು. ಮಾರ್ಚ್ ಹೊತ್ತಿಗೆ ಒಂದು ಬಸ್ಸು ಬೇಕೆಂದೇ ಬಿಡುತ್ತಿದ್ದ.

"ಮಿಸ್ ಡೆಸ್ಸಾ," ಎಂದು ಅರ್ಲ್ ರಾಗ ಎಳೆಯುತ್ತಿದ್ದ, "ನಿಮ್ಮ ಗೆಸ್ಟು ಬಂದ್ರು. ರೂಮಿಲ್ಲ, ಸಾಮಾನಿಲ್ಲ, ಬರೀ ಕಾಫಿ ಕುಡಿಯೋ ಗೆಸ್ಟು."

"ನಿನ್ ಬಾಗ್ಲು ನೋಡ್ಕೋ ಅರ್ಲ್," ಎನ್ನುತ್ತಿದ್ದೆ. ಆದರೆ ಅವನು ಹೇಳುವ ಮೊದಲೇ ನಾನು ಲಿಪ್‌ಸ್ಟಿಕ್ ಸರಿಮಾಡಿಕೊಂಡಿರುತ್ತಿದ್ದೆ.

ಏಪ್ರಿಲ್‌ನಿಂದ ನನ್ನ ರಜೆಯ ಭಾನುವಾರಗಳಂದು ಬಸ್ಸು ಹತ್ತಿ ಅವನ ಊರಿಗೆ ಹೋಗುವುದು ರೂಢಿಯಾಯಿತು. ಅವನೇ ಬೆಳಿಗ್ಗೆ ಈಚೆ ಬಂದು ನನ್ನನ್ನು ಕರೆದುಕೊಂಡು ಹೋಗುತ್ತಿದ್ದ. ಒಬ್ಬಳೇ ಬರುತ್ತೇನೆಂದರೆ ಕೇಳುತ್ತಿರಲಿಲ್ಲ. ಹತ್ತೊಂಬತ್ತು ವರ್ಷ ಊರಿಗೆಲ್ಲಾ ದಾರಿ ಹೇಳಿದವಳು, ನಾನು ಆ ಸುರಂಗ ದಾಟಿದ್ದು ಅದಕ್ಕೂ ಮೊದಲು ನಾಲ್ಕೇ ಸಲ. ಸುರಂಗದ ನಡುವೆ ಗೋಡೆಯ ಮೇಲೆ ಎರಡು ದೇಶದ ಬಾವುಟಗಳಿವೆ. ಅದು ದಾಟಿದೊಡನೆ ರೆಮಿ ಬಾಗಿ, "ಈಗ ನೀನು ಪರದೇಶಿ," ಎಂದು ಪಿಸುಗುಟ್ಟುತ್ತಿದ್ದ. ಸಂಜೆ ನನ್ನನ್ನು ಬಿಡಲು ಬರುವಾಗ ಅದೇ ಮಾತನ್ನು ನಾನು ಅವನಿಗೆ ಹೇಳುತ್ತಿದ್ದೆ.

ಅವನು ನನ್ನ ಕೈ ಹಿಡಿಯುತ್ತಿದ್ದದ್ದು ಆ ಸುರಂಗದಲ್ಲಿ. ನನ್ನ ಹೆಬ್ಬೆರಳನ್ನು ತನ್ನ ಹೆಬ್ಬೆರಳಿನಿಂದ ಮೆಲ್ಲಗೆ ಸವರುತ್ತಾ, ಕಣ್ಣು ಮಾತ್ರ ಎದುರಿನ ಸೀಟಿನ ಬೆನ್ನಿನ ಮೇಲೆ. ಬೆಳಕು ಕಂಡೊಡನೆ ಕೈ ಬಿಡುತ್ತಿದ್ದ. ನಾಚಿಕೆ ಎಂದುಕೊಂಡೆ. ಐವತ್ತಮೂರರ ಗಂಡಸು ನಾಚುವುದು ನನಗೆ ಹಿಡಿಸಿತ್ತು.

ಅವನ ಊರಿನ ಪಿಜ್ಜಾದ ಮೇಲೆ ಪೆಪರೋನಿ ಎಂಬ ಒಣಮಾಂಸವನ್ನು ಸಣ್ಣಗೆ ಹೆರೆದು ಉದುರಿಸುತ್ತಾರೆ, ಅಣಬೆ ಡಬ್ಬಿಯದು.

"ಇದು ಪಿಜ್ಜಾನಾ? ಹಲ್ಲಿಲ್ಲದೋರಿಗೆ ಮಾಡಿದ್ದಾ?" ಎಂದು ಕೇಳಿದ್ದೆ.

"ನಿಮ್ಮೂರಿಂದು ಏನು, ಕಾರಿನ ಕಾರ್ಖಾನೆ ತಟ್ಟೇಲಿ ಬೇಯಿಸಿದ ದಪ್ಪ ಚೌಕದ ಇಟ್ಟಿಗೆ."

"ಆ ಇಟ್ಟಿಗೇನ ಮೊನ್ನೆ ನಾಲ್ಕು ಚೂರು ತಿಂದೋರು ಯಾರು?"

"ನಿನ್ನ ಮುಖ ನೋಡ್ತಾ ತಿಂದೆ. ಏನ್ ತಿಂದೆ ಅಂತ ಗಮನಿಸಲಿಲ್ಲ," ಎಂದುಬಿಟ್ಟ. ಆ ಹಲ್ಲಿಲ್ಲದವರ ಪಿಜ್ಜಾವನ್ನು ನಾನು ಇನ್ನೊಂದು ಚೂರು ಎತ್ತಿಕೊಂಡೆ.

ಜುಲೈನಲ್ಲಿ ಬಸ್ ನಿಲ್ದಾಣದ ಕಂಬಕ್ಕೆ ನೋಟಿಸು ಅಂಟಿಸಿದರು. ಆಗಸ್ಟ್ ಕೊನೆಗೆ ಸುರಂಗದ ಬಸ್ಸು ನಿಲ್ಲುತ್ತದೆ.

ಓದಿ ನಾನು ರೆಮಿಯ ಮುಖ ನೋಡಿದೆ. ಅವನು ಆ ಕಾಗದದಿಂದ ಕಣ್ಣು ತೆಗೆಯದೆ, "ಬರೋ ಭಾನುವಾರ ನನ್ನ ಮಗಳ ಮನೆಗೆ ಊಟಕ್ಕೆ ಬರ್ತೀಯಾ?" ಎಂದ.

ಹೆಣ್ಣುಜೀವಕ್ಕೆ ಇನ್ನೇನು ಬೇಕು? ಬಸ್ಸು ಹೋದರೆ ಹೋಗಲಿ, ಒಟ್ಟಿಗೆ ಬಾಳುವ, ಬಸ್ಸಿನ ಹಂಗೇ ಇಲ್ಲದ ಮಾತೊಂದನ್ನು ಮಗಳ ಎದುರು ಆಡಲಿದ್ದಾನೆ ಎಂದುಕೊಂಡೆ. ಹಳದಿ ಬಣ್ಣದ ಹೊಸ ಉಡುಪು ಕೊಂಡೆ. ಅಜ್ಜಿಯ ಕೈರುಚಿಯ ಸಿಹಿಗೆಣಸಿನ ಹೂರಣ ತುಂಬಿದ ಪೈ ಬೇಯಿಸಿ ಡಬ್ಬಿಗೆ ಹಾಕಿದೆ. ಅದನ್ನು ನೋಡಿ ಅರ್ಲ್ ಕೂಡ ತಮಾಷೆ ಮಾಡಲಿಲ್ಲ. "ಒಳ್ಳೇದಾಗ್ಲಿ ಮಿಸ್ ಡೆಸ್ಸಾ," ಎಂದ ಅಷ್ಟೆ.

ವಿಂಡ್ಸರ್ ಕಡೆ ಬಸ್ಸಿನಿಂದ ಇಳಿದು, ಎಲ್ಲರೂ ಚೀಲ ಹಿಡಿದು ತಪಾಸಣೆಯ ಹಾಲ್ ಮೂಲಕ ಹಾದುಹೋಗಬೇಕು. ಆ ದಿನ ಕೌಂಟರಿನಲ್ಲಿದ್ದವಳು ಹೊಸಬಳು. ಪೈ ಡಬ್ಬಿ ನೋಡಿ, ನಮ್ಮಿಬ್ಬರನ್ನೂ ನೋಡಿ, ರೆಮಿಯನ್ನು ಕೇಳಿದಳು, "ಇವರು ನಿಮಗೆ ಏನಾಗ್ಬೇಕು?"

"ಬಸ್ಸಿನಲ್ಲಿ ಪರಿಚಯ," ಎಂದ ರೆಮಿ.

ತಡವರಿಸಲಿಲ್ಲ. ಯೋಚಿಸಲೂ ಇಲ್ಲ. ಅವಳು ಕೈ ಬೀಸಿ ಒಳಗೆ ಬಿಟ್ಟಳು.

ಆ ಮಾತು ನನಗೆ ಹಿಡಿಸಲಿಲ್ಲ. ಆದರೆ ಗಡಿಯಲ್ಲಿ ಹಾಗೇ ಹೇಳಬೇಕು ಎಂದು ಸಾವಿರಾರು ಜನರಿಗೆ ಹೇಳಿಕೊಟ್ಟವಳೇ ನಾನು. ಪ್ರೀತಿ ಗೀತಿ ಎಂದರೆ, ಎಷ್ಟು ದಿನ ಇರ್ತೀರಿ, ವಾಪಸ್ ಹೋಗ್ತೀರೋ ಇಲ್ಲವೋ ಎಂದು ಅರ್ಧ ಗಂಟೆ ಕೂರಿಸುತ್ತಾರೆ. ಜಾಣ ಉತ್ತರವೇ ಕೊಟ್ಟಿದ್ದಾನೆ ಎಂದು ಸಮಾಧಾನ ಮಾಡಿಕೊಂಡೆ.

ಅವನ ಮಗಳು ನೊಯೆಲ್ ಬಾಗಿಲು ತೆರೆದಳು. ಅಪ್ಪನದೇ ಕಣ್ಣು, ಅಪ್ಪನದೇ ನಗು.

"ಬನ್ನಿ ಬನ್ನಿ, ನೀವೇ ಅಲ್ವಾ ಅಪ್ಪಂಗೆ ಬಸ್ಸಿನಲ್ಲಿ ಪರಿಚಯ ಆದೋರು? ನಿಮ್ಮ ಹೋಟೆಲ್ ಕಾಫಿ ಬಗ್ಗೆ ತುಂಬಾ ಹೇಳ್ತಿರ್ತಾರೆ."

ಕಾಫಿ ಬಗ್ಗೆ.

ನಾನು ರೆಮಿಯ ಕಡೆ ನೋಡಿದೆ. ಅವನು ಬಗ್ಗಿ ಬೂಟಿನ ದಾರ ಬಿಚ್ಚುತ್ತಿದ್ದ. ಬಿಚ್ಚುತ್ತಲೇ ಇದ್ದ.

ಹುರಿದ ಕೆರೆಮೀನು, ಆಲೂಗಡ್ಡೆ, ಎಲೆಕೋಸಿನ ಪಲ್ಯ. ನೊಯೆಲ್ ಒಳ್ಳೆಯ ಹುಡುಗಿ, ಬಾಯಿತುಂಬಾ ಉಪಚಾರ ಮಾಡಿದಳು. ನನ್ನ ಪೈಯನ್ನು ಎರಡು ಸಲ ಹಾಕಿಸಿಕೊಂಡಳು. ಪಾತ್ರೆ ತೊಳೆಯಲು ನಾನು ಎದ್ದಾಗ ಪಕ್ಕದಲ್ಲಿ ನಿಂತು ಒರೆಸುತ್ತಾ ಹೇಳಿದಳು: "ಬಸ್ಸಿನ ಸ್ನೇಹಿತರನ್ನೆಲ್ಲಾ ಅಪ್ಪ ತುಂಬಾ ಮಿಸ್ ಮಾಡ್ಕೋತಾರೆ. ಆದ್ರೂ ಈ ವಯಸ್ಸಲ್ಲಿ ದಿನಾ ಟ್ಯಾಕ್ಸೀಲಿ ಓಡಾಡೋಕಾಗುತ್ತಾ ಹೇಳಿ? ಕೆಲಸ ಬಿಡ್ತೀನಿ ಅಂತ ಅವರೇ ಬರೆದುಕೊಟ್ರಲ್ಲ, ನಂಗೆ ನಿರಾಳ. ಸೆಪ್ಟೆಂಬರಿಂದ ಮನೇಲೇ ಇರ್ತಾರೆ."

ಕೈಯಲ್ಲಿದ್ದ ತಟ್ಟೆಯನ್ನು ಚೆನ್ನಾಗಿ ತೊಳೆದು ಅವಳ ಕೈಗೆ ಕೊಟ್ಟೆ. "ಅಪ್ಪ ಹೇಳಿದ್ರಾ ನಿಮಗೆ?" ಎಂದಳು. "ಹ್ಞೂಂ," ಎಂದೆ. ಆ ಹುಡುಗಿಯ ಎದುರು ಅವನ ಮಾನ ಕಾಯಬೇಕೆಂದು ನನಗೇಕೆ ಅನಿಸಿತೋ ತಿಳಿಯದು.

ನದಿ ದಂಡೆಯಲ್ಲಿ ಬಸ್ಸಿನ ಕಡೆ ನಡೆಯುವಾಗ ಎದುರಿಗೆ ನನ್ನ ಊರು ಬಿಸಿಲಿನಲ್ಲಿ ಫಳಫಳ ಹೊಳೆಯುತ್ತಿತ್ತು. ಅರ್ಧ ಮೈಲಿಯೂ ಇಲ್ಲ.

"ಇವತ್ತಿನ ಊಟ ನನ್ನ ಬೀಳ್ಕೊಡೋಕಾ?" ಎಂದು ಕೇಳಿದೆ.

"ಹಾಗಲ್ಲ ಡೆಸ್ಸಾ. ಅವಳಿಗೆ ಇವತ್ತು ಹೇಳೋಣ ಅಂತಲೇ ಕರೆದೆ. ಬಾಗಿಲಲ್ಲಿ ನಿಂತಾಗ ಬಾಯೇ ಬರಲಿಲ್ಲ. ಒಂದು ಹೇಳಿದ್ರೆ ಪ್ರಶ್ನೆ ಮೇಲೆ ಪ್ರಶ್ನೆ."

"ನಿನ್ನ ಮಗಳು ಕಸ್ಟಮ್ಸ್ ಆಫೀಸರ್ ಅಲ್ಲ ರೆಮಿ."

ಅವನು ನಡಿಗೆ ಬಿರುಸು ಮಾಡಿದ.

"ನೀವು ಬಿಳಿಯರು, ನಾನು ಕಪ್ಪು ಹೆಂಗಸು ಅಂತಲಾ?" ಕೇಳಿಯೇಬಿಟ್ಟೆ. ಕೇಳದೆ ನುಂಗಿದರೆ ಜನ್ಮವಿಡೀ ಗಂಟಲಲ್ಲಿ ಉಳಿಯುತ್ತಿತ್ತು.

"ಅಲ್ಲ," ಎಂದ. ಮುಖ ಬಿಳಿಚಿಕೊಂಡಿತು. "ಆಣೆ ಮಾಡಿ ಹೇಳ್ತೀನಿ, ಅಲ್ಲ. ಅವರಮ್ಮ ಹೋದಮೇಲೆ ನೊಯೆಲ್ ನನ್ನನ್ನ ಎಷ್ಟು ಜೋಪಾನ ಮಾಡಿದಾಳೆ... ಅವಳ ಮುಖ ಸಣ್ಣಗಾಗುತ್ತೇನೋ ಅಂತ ಭಯ. ಕೆಲಸ ಬಿಟ್ಟಿದ್ದು ನಿನಗೆ ಹೇಳೋಕೂ ಭಯ. ನಾನು ಪುಕ್ಕಲ ಕಣೇ."

ನಂಬಿದೆ. ನಂಬಿದ್ದರಿಂದ ನೋವು ಕಡಿಮೆಯಾಗಲಿಲ್ಲ. ಆ ದಿನ ಸುರಂಗದಲ್ಲಿ ಅವನು ಕೈ ಚಾಚಿದಾಗ ನಾನು ನನ್ನೆರಡೂ ಕೈಯಲ್ಲಿ ಖಾಲಿ ಡಬ್ಬಿ ಹಿಡಿದುಕೊಂಡು ಕೂತೆ.

ಆಗಸ್ಟ್ ತಿಂಗಳು ಹೇಗೆ ಕಳೆಯಿತೋ. ಅವನು ಲಾಬಿಗೆ ಬರುತ್ತಿದ್ದ, ನಾನು ಕೆಲಸದಲ್ಲಿರುತ್ತಿದ್ದೆ. ಕಂಪ್ಯೂಟರಿನಲ್ಲಿ ಏನೂ ಇಲ್ಲದಿದ್ದರೂ ಅದನ್ನೇ ನೋಡುತ್ತಿದ್ದೆ. ಅವನು ಹೋದಮೇಲೆ ಹೋಟೆಲಿನ ಬಟ್ಟೆ ದಾಸ್ತಾನಿನ ಕೋಣೆಯಲ್ಲಿ ಟವೆಲ್‌ಗಳ ನಡುವೆ ನಿಂತು ಅತ್ತಿದ್ದೂ ಉಂಟು. ಬೇಡವೆಂದು ಬುದ್ಧಿ ಹೇಳುತ್ತಿತ್ತು. ಗಡಿಯಾರ ಐದು ಹೊಡೆದೊಡನೆ ಕಣ್ಣು ಮಾತ್ರ ಬಾಗಿಲ ಕಡೆಗೇ.

ಕೊನೆಯ ದಿನ ಸಂಜೆ ಬಸ್ ನಿಲ್ದಾಣದಲ್ಲಿ ಜಾತ್ರೆಯಂತೆ ಜನ. ಎಷ್ಟೋ ವರ್ಷಗಳಿಂದ ಓಡಾಡಿದ ನರ್ಸುಗಳು, ಅಡುಗೆಯವರು, ಮುದುಕರು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅರ್ಲ್ ನನ್ನ ಜಾಗದಲ್ಲಿ ಬಂದು ನಿಂತು, "ಹೋಗಿ, ನಾನ್ ನೋಡ್ಕೋತೀನಿ," ಎಂದ. ಹೋದೆ.

ರೆಮಿ ಸಾಲಿನಿಂದ ಹೊರಬಂದ. ಕ್ಷೌರ ಮಾಡಿಕೊಳ್ಳುವಾಗ ಗದ್ದ ಕೊಯ್ದುಕೊಂಡಿದ್ದ.

"ಟ್ಯಾಕ್ಸಿ ಇದೆ," ಎಂದ ಅವಸರದಲ್ಲಿ. "ತಿಂಗಳಿಗೆ ಎರಡು ಸಲ ಆದ್ರೂ ಬರ್ತೀನಿ. ಪಕ್ಕದ ಮನೆಯೋರು ಹಾಕಿ ಆಟ ನೋಡೋಕೆ ಈ ಕಡೆ ಕಾರಲ್ಲಿ ಬರ್ತಾರೆ, ಅವರ ಜೊತೆ ಬರ್ತೀನಿ. ಹೊಸ ಸೇತುವೆ ಮುಗಿದ್ರೆ ನಡ್ಕೊಂಡಾದ್ರೂ ಬರ್ತೀನಿ."

"ಎಲ್ಲಿಗೆ ಹೋಗ್ತೀರಿ ಅಂತ ನೊಯೆಲ್ ಕೇಳಿದ್ರೆ?"

ಅವನು ಸುತ್ತ ನೋಡಿದ. ಇಪ್ಪತ್ತಾರು ವರ್ಷದ ಪರಿಚಯದ ಮುಖಗಳು. ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿ, ನನಗೊಬ್ಬಳಿಗೇ ಕೇಳುವಂತೆ, "ನಿನ್ನನ್ನ ಪ್ರೀತಿಸ್ತೀನಿ ಡೆಸ್ಸಾ," ಎಂದ.

ಏಳು ತಿಂಗಳಿಂದ ಕಾದಿದ್ದ ಮಾತು. ಅದು ನಿಜವೆಂದು ನನಗೆ ಗೊತ್ತಿತ್ತು, ಕಷ್ಟವಾದದ್ದೇ ಅದು. ಸುಳ್ಳಾಗಿದ್ದರೆ ಕಪಾಳಕ್ಕೆ ಬಾರಿಸಿ ಹಗುರಾಗಿ ಮನೆಗೆ ಹೋಗುತ್ತಿದ್ದೆ.

"ಹತ್ತು, ಬಸ್ಸು ಹೊರಡುತ್ತೆ," ಎಂದೆ.

ಅವನು ಹತ್ತಿದ. ಡ್ರೈವರಿನ ಹಿಂದಿನ ಕಿಟಕಿಯ ಪಕ್ಕ ಕೂತ. ಬಾಗಿಲು ಇನ್ನೂ ತೆರೆದಿತ್ತು. ಆಗ ನನಗೆ ಏನಾಯಿತೋ, ಮೆಟ್ಟಿಲ ಬಳಿ ಹೋಗಿ, ಹೋಟೆಲಿನ ಲಾಬಿಯಲ್ಲಿ ಕೂಗುವ ಗಟ್ಟಿ ದನಿಯಲ್ಲೇ ಹೇಳಿದೆ:

"ರೆಮಿ ಮೆಲೋಶ್, ನಾನೂ ನಿನ್ನನ್ನ ಪ್ರೀತಿಸ್ತೀನಿ. ಎಲ್ರೂ ಕೇಳಿಸ್ಕೊಳ್ಲಿ, ನನಗೇನೂ ನಾಚಿಕೆ ಇಲ್ಲ."

ಫೋಟೋ ತೆಗೆಯುತ್ತಿದ್ದವರು ಫೋನು ಕೆಳಗಿಳಿಸಿದರು. ಡ್ರೈವರು ಹಣ್ಣಾದ ಮನುಷ್ಯ, ಕನ್ನಡಿಯಲ್ಲಿ ರೆಮಿಯನ್ನು ನೋಡಿದ. ನೋಡಿ ಎಂಜಿನ್ ಆರಿಸಿದ.

"ಇಳೀತೀರಾ ಸರ್?" ಎಂದು ಕೇಳಿದ. "ನಾನು ಕಾಯ್ತೀನಿ."

ರೆಮಿಯ ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು. ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದ. ಎದ್ದು ನಿಂತ. ಎದುರಿನ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಇಲ್ಲ," ಎಂದ. "ಆ ಕಡೆ ಮಗಳು ಕಾಯ್ತಿರ್ತಾಳೆ."

ಡ್ರೈವರು ನನ್ನ ಕಡೆ ಒಮ್ಮೆ ನೋಡಿ, ಬಾಗಿಲು ಹಾಕಿದ.