ಸಂಪಿಗವ್ವನ ಎದೆಯ ಗಂಟು

ಬೆಟ್ಟಗಳಿಗೆ ಇನ್ನೂ ಬಾಯಿದ್ದ ಕಾಲದಲ್ಲಿ, ಏಳು ಕಣಿವೆಗಳ ಆಚೆ, ನೇರಳೆಗಿರಿ ಎಂಬೊಂದು ರಾಜ್ಯವಿತ್ತು. ಅಲ್ಲಿ ಸಂಪಿಗವ್ವ ಎಂಬ ಹೆಂಗಸು ನಾರಿನಿಂದ ಹಗ್ಗ ಹೊಸೆಯುತ್ತಿದ್ದಳು. ಅವಳಿಗೆ ಮೂರು ತಿಂಗಳ ಹೆಣ್ಣು ಕೂಸು.

ಒಂದು ಬೆಳಿಗ್ಗೆ ಕೂಸಿಗೆ ಹಾಲೂಡಿಸುವಾಗ ಅವಳ ಬೆರಳಿಗೆ ಎಡ ಎದೆಯಲ್ಲಿ ಏನೋ ತಾಗಿತು. ಹುಣಸೆ ಬೀಜದಷ್ಟು. ಒತ್ತಿದಳು, ಅದು ಜಾರಲಿಲ್ಲ. ಸೆರಗೆಳೆದು ಮುಚ್ಚಿಕೊಂಡಳು.

"ಯಾಕೆ, ಮುಖ ಹೀಗಾಗಿದೆ?" ಎಂದ ಗಂಡ.

"ಏನಿಲ್ಲ," ಎಂದಳು.

ಮರುದಿನ ಅದು ನೆಲ್ಲಿಕಾಯಿಯಷ್ಟಾಯಿತು. ಮೈ ಸುಡುತ್ತಿತ್ತು. "ಜ್ವರವೇನೇ?" ಎಂದಳು ಪಕ್ಕದ ಮನೆಯವಳು.

"ಏನಿಲ್ಲ," ಎಂದಳು.

ಮೂರನೆಯ ದಿನ ನಿಂಬೆಹಣ್ಣಿನಷ್ಟಾಯಿತು. ಕೂಸು ಎದೆಗೆ ಬಾಯಿಟ್ಟು, ಹಾಲು ಬಾರದೆ, ಮುಖ ತಿರುಗಿಸಿ ಚೀರಿತು. "ಯಾಕೆ ಇಷ್ಟೊಂದು ಅಳ್ತಾಳೆ?" ಎಂದಳು ಅತ್ತೆ ತಿಮ್ಮಾಜಮ್ಮ.

"ಏನಿಲ್ಲ ಅತ್ತೆ."

ತಿಮ್ಮಾಜಮ್ಮ ಆ ಊರಿನ ಸೂಲಗಿತ್ತಿ. ಅವಳು ನಂಬಲಿಲ್ಲ; ಸೊಸೆಯ ಸೆರಗು ಸರಿಸಿ ನೋಡಿದಳು. ಗಂಟಿನ ಮೇಲಿನ ಚರ್ಮದಲ್ಲಿ ಹಗ್ಗದ ಹುರಿಯ ಗುರುತು ಮೂಡಿತ್ತು.

"ಊರಿಗೆಲ್ಲ ನಾನು ಬೇಕು, ನನ್ನ ಸೊಸೆಗೆ ಮಾತ್ರ ಬೇಡ! ಮೂರು ದಿನ ಬಾಯಲ್ಲಿ ಏನು ತುರುಕಿಕೊಂಡಿದ್ದೆ?"

"ಹೇಳಿದ್ರೆ ಅದು ನಿಜ ಆಗಿಬಿಡುತ್ತೆ ಅಂತ ಹೆದರಿಕೆ ಆಯ್ತು ಅತ್ತೆ."

"ಇದು ಬರೀ ಹಾಲು ಕಟ್ಟಿದ್ದಲ್ಲ ಕಣೇ. ಗಂಟುಬೆರಳನ ಕೆಲಸ."

ಗಂಟುಬೆರಳ ಕರಿಗುಡ್ಡದ ಗುಹೆಯ ಮಾಯಾವಿ. ಅವನ ಒಂದೊಂದು ಬೆರಳಿಗೂ ಎಂಟೆಂಟು ಗಿಣ್ಣು. ಹಾಲೂಡಿಸುವ ತಾಯಿ ನೋವು ಮುಚ್ಚಿಟ್ಟು "ಏನಿಲ್ಲ" ಎಂದಾಗಲೆಲ್ಲ ಅವನು ಕರಿಹಗ್ಗಕ್ಕೆ ಒಂದು ಗಂಟು ಹಾಕುತ್ತಿದ್ದ. ಅವಳ ಹಾಲು ಅವನ ಗಡಿಗೆಗೆ ಸೋರುತ್ತಿತ್ತು. ಅದನ್ನು ಕುಡಿದು ಮುನ್ನೂರು ವರ್ಷ ಬದುಕಿದ್ದ. ಮೂರು ಗಂಟು ಬಿದ್ದ ದಿನ ಹೊತ್ತು ಮುಳುಗಿದರೆ ತಾಯಿ ಮರದ ಕೊರಡಾಗುತ್ತಿದ್ದಳು.

"ಮೂರೂ ಬಿದ್ದಿವೆ," ಎಂದಳು ತಿಮ್ಮಾಜಮ್ಮ. "ಎದ್ದೇಳು, ಹೊತ್ತು ಮುಳುಗೋದರೊಳಗೆ ಅವನ ಗುಹೆಗೆ ಹೋಗಿ ಗಂಟು ಬಿಚ್ಚಬೇಕು. ಕೂಸನ್ನೂ ಎತ್ತಿಕೋ."

ಗುಡ್ಡದ ಬುಡದಲ್ಲಿ ಕಲ್ಲಿನ ಹಂದಿ ದಾರಿಗೆ ಅಡ್ಡ ನಿಂತಿತ್ತು. "ತಾಯಿ, ನಿನಗೇನಾಗಿದೆ?" ಎಂದು ಕೇಳಿತು.

ಸಂಪಿಗವ್ವನ ನಾಲಿಗೆ ತಡವರಿಸಿತು. "ಎದೆಯಲ್ಲಿ... ಗಂಟಾಗಿದೆ."

ಹಂದಿ ಪುಡಿಯಾಯಿತು.

ಗುಡ್ಡದ ನಡುವಿನಲ್ಲಿ ಕಬ್ಬಿಣದ ಕೊಕ್ಕಿನ ಹದ್ದು ಕೂತಿತ್ತು. ಅದು ಸೊಸೆಯನ್ನು ನೋಡಲಿಲ್ಲ. "ಮುದುಕಿ, ನಿನಗೇನು ನೋವು?" ಎಂದಿತು.

"ನನಗೇನಪ್ಪಾ, ಏನಿಲ್ಲ," ಎಂದುಬಿಟ್ಟಳು ತಿಮ್ಮಾಜಮ್ಮ.

ಸುಳ್ಳು ಅತ್ತೆಯದು, ಬಿಗಿದದ್ದು ಸೊಸೆಯ ಹಗ್ಗ. ಸಂಪಿಗವ್ವ ಕಿರುಚಿದಳು. ಅವಳ ಎಡಗೈಯ ಐದೂ ಬೆರಳು ನೋಡನೋಡುತ್ತಿದ್ದಂತೆ ಮರವಾದವು. ದಾರಿಯುದ್ದಕ್ಕೂ ಸೊಸೆಯನ್ನು ಬೈದುಕೊಂಡು ಬಂದ ಮುದುಕಿ ತನ್ನ ಬಾಯಿಯನ್ನು ತಾನೇ ಹೊಡೆದುಕೊಂಡಳು.

"ಇದೆ! ನಲವತ್ತು ವರ್ಷದಿಂದ ಇದೆ. ನನಗೂ ಹೀಗೇ ಗಂಟಾಗಿತ್ತು. ನಾಚಿಕೆಪಟ್ಟು ಎದೆ ಬಿಗಿದು ಕಟ್ಟಿಕೊಂಡೆ. ಎರಡನೇ ಗಂಟಿಗೆ ಬಾಯಿಬಿಟ್ಟೆ, ನಾನು ಉಳಿದೆ. ನನ್ನ ಮೊದಲ ಕೂಸು ಹಸಿದು ಹಸಿದು ಹೋಯ್ತು. ಅದು ಹೋಗಿದ್ದು ನನ್ನ ನಾಚಿಕೆಯಿಂದ ಅಂತ ಇವತ್ತಿನವರೆಗೂ ಒಬ್ಬರಿಗೂ ಹೇಳಿಲ್ಲ."

ಹದ್ದು ರೆಕ್ಕೆ ಬಿಚ್ಚಿ ಹಾರಿಹೋಯಿತು. ಮರವಾದ ಬೆರಳು ಮಾತ್ರ ಹಾಗೇ ಉಳಿದವು. ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡದೆ ಹತ್ತಿದರು. ಸೂರ್ಯ ಬಾಗಿದ್ದ. ಕೂಸಿನ ಅಳು ಸಣ್ಣದಾಗುತ್ತಿತ್ತು; ಅದೇ ಹೆಚ್ಚು ಹೆದರಿಸುತ್ತಿತ್ತು.

ಗುಹೆಯ ಬಾಯಲ್ಲಿ ಬಿಳಿ ಹುಲಿ ಮಲಗಿತ್ತು. "ನಿನಗೆ ಯಾವುದರ ಭಯ?" ಎಂದಿತು.

"ಸಾವಿನ ಭಯ," ಎಂದಳು ಸಂಪಿಗವ್ವ.

"ಅದು ಎಲ್ಲರದೂ. ನಿನ್ನದು ಹೇಳು."

ಅವಳು ಕೂಸನ್ನು ಅಪ್ಪಿಕೊಂಡಳು. "ಇವಳಿಗಿನ್ನೂ ಮೂರು ತಿಂಗಳು. ಈಗ ನಾನು ಹೋದ್ರೆ ನನ್ನ ಮುಖ ಇವಳಿಗೆ ನೆನಪಿರಲ್ಲ. ಯಾರನ್ನೋ ನೋಡಿ ಅಮ್ಮಾ ಅಂತಾಳೆ. ಅದು ತಪ್ಪು ಅಂತ ಹೇಳೋಕೂ ನಾನಿರಲ್ಲ."

ಹುಲಿ ಎದ್ದು ದಾರಿ ಬಿಟ್ಟಿತು.

ಒಳಗೆ ಗಡಿಗೆಯ ಮುಂದೆ ಗಂಟುಬೆರಳ ಕೂತಿದ್ದ. ಸಂಪಿಗವ್ವನ ಹಗ್ಗವನ್ನು ಅವಳ ಮುಂದೆ ಎಸೆದು ನಕ್ಕ. "ಬಾ ಹಗ್ಗದವಳೇ, ಬಿಚ್ಚು. ಎಳಿ ನೋಡೋಣ!"

ತಿಮ್ಮಾಜಮ್ಮ ಗಾಬರಿಯಲ್ಲಿ ತುದಿ ಹಿಡಿದು ಎಳೆದಳು. ಸಂಪಿಗವ್ವನ ಉಸಿರು ಕಟ್ಟಿತು.

"ಎಳೀಬೇಡಿ ಅತ್ತೆ! ಎಳೆದಷ್ಟೂ ಬಿಗಿಯುತ್ತೆ. ತುದಿಯನ್ನ ಒಳಕ್ಕೆ ತಳ್ಳಿ. ಗಂಟಿಗೆ ಜಾಗ ಕೊಡಿ."

"ಹೆರಿಗೇಲಿ ನಾನು ಹೇಳೋ ಮಾತು ಅದು," ಎಂದಳು ಮುದುಕಿ. ಎಳೆಯುವುದನ್ನು ಬಿಟ್ಟು ಸೊಸೆಯ ಪಕ್ಕಕ್ಕೆ ಕೂತಳು.

ಸೊಸೆಯ ಬಲಗೈ, ಅತ್ತೆಯ ಎಡಗೈ. ಒಬ್ಬಳು ಹಿಡಿದಳು, ಒಬ್ಬಳು ತಳ್ಳಿದಳು. ಮೊದಲ ಗಂಟು ಸಡಿಲಿತು, ಜ್ವರ ಇಳಿಯಿತು. ಎರಡನೆಯದು ಸಡಿಲಿತು, ಮರದ ಬೆರಳಿಗೆ ರಕ್ತ ಹರಿಯಿತು. ಸೂರ್ಯನ ಅಂಚು ಎದುರಿನ ಗುಡ್ಡಕ್ಕೆ ತಾಗುವಾಗ ಮೂರನೆಯದು ಬಿಚ್ಚಿತು. ಎದೆಯ ಗಂಟು ಕರಗಿ ಹಾಲು ಸೆರಗನ್ನು ನೆನೆಸಿತು. ಗಡಿಗೆ ಒಡೆಯಿತು. ಮಾಯಾವಿಗೆ ಮುನ್ನೂರು ವರ್ಷ ಒಮ್ಮೆಗೇ ವಯಸ್ಸಾಯಿತು; ಅವನು ಕೂತಿದ್ದ ಜಾಗದಲ್ಲಿ ಒಂದು ಹಿಡಿ ಬೂದಿ ಉಳಿಯಿತು.

ಕೂಸು ಬಾಯಿಟ್ಟಿತು. ಗುಟುಕು ಇಳಿಯುವ ಸದ್ದು ಕೇಳಿದ ಮೇಲೆಯೇ ಸಂಪಿಗವ್ವ ತಲೆ ಎತ್ತಿದಳು. ಗುಹೆಯ ಗೋಡೆಯ ತುಂಬ ಹಗ್ಗಗಳು ತೂಗುತ್ತಿದ್ದವು, ಒಂದೊಂದರಲ್ಲೂ ಗಂಟು.

"ಕೊಡಿ ಅತ್ತೆ, ಒಂದೊಂದಾಗಿ," ಎಂದಳು.

ಒಂದು ಹಗ್ಗ ಬಿಚ್ಚಿದಳು. ಕೆಳಗಿನ ಊರಿನಲ್ಲಿ ಅಳುತ್ತಿದ್ದ ಯಾರದೋ ಕೂಸು ಸುಮ್ಮನಾಯಿತು. ಇನ್ನೊಂದು ಬಿಚ್ಚಿದಳು. ಆಚೆ ಕಣಿವೆಯಲ್ಲಿ ಇನ್ನೊಂದು ಸುಮ್ಮನಾಯಿತು. ಕೊನೆಯ ಹಗ್ಗ ಬಿಚ್ಚಿದಾಗ ಏಳು ಕಣಿವೆಗಳಲ್ಲೂ ಹಸಿದ ಕೂಸಿನ ದನಿಯೇ ಇರಲಿಲ್ಲ. ನೇರಳೆಗಿರಿಯ ತಾಯಂದಿರು ಬಾಳಿದರು, ಮಕ್ಕಳು ಬೆಳೆದರು, ಎಲ್ಲರೂ ತಣ್ಣಗಿದ್ದರು.