ಬಲಗೈ ಬ್ರೇಕು

"ಮುಟ್ಟಬೇಡಿ! ಕೈ... ಮುರಿದಿದೆ ಅನ್ಸುತ್ತೆ!"

ಕಾಡಿನ ಇಳಿಜಾರಿನಲ್ಲಿ ಸೈಕಲ್ಲಿನಿಂದ ಹಾರಿ ಬಿದ್ದಿದ್ದ ಅವನು ನೋವಿನಲ್ಲೂ ನಗಲು ನೋಡಿದ. "ತಪ್ಪು ನಂದೇ ರೀ. ಯಾವ ಬ್ರೇಕ್ ಹಿಡಿದ್ನೋ ಏನೋ!"

ಆ ಸೈಕಲ್ಲನ್ನು ಬಾಡಿಗೆಗೆ ಕೊಟ್ಟು, ದಾರಿ ತೋರಿಸಲು ಜೊತೆಗೆ ಬಂದಿದ್ದವಳು ಅವಳೇ. ಹ್ಯಾಂಡಲ್ ನೋಡಿದಳು. 

ಅವಳು ಎಡಚಿ. ಎಲ್ಲರೂ ಕರೆಯುವುದೂ ಹಾಗೆಯೇ. ಅವಳ ಬಾಡಿಗೆ ಸೈಕಲ್ಲುಗಳಲ್ಲೆಲ್ಲ ಬಲಗೈಗಿರುವ ಹಿಂಬ್ರೇಕನ್ನು ತನಗೆ ಬೇಕಾದಂತೆ ಎಡಗೈಗೆ ಹಾಕಿಕೊಂಡು, ಬೆಳಿಗ್ಗೆ ಅದೇ ಸೈಕಲ್ಲನ್ನು ಓಡಿಸಿ ನೋಡಿದ್ದಳು. ಮತ್ತೆ ಬದಲಿಸಲು ಮರೆತಿದ್ದಳು! ಅವನು ಬಲಗೈ ಬ್ರೇಕ್ ಒತ್ತಿದಾಗ ಗಕ್ಕನೆ ನಿಂತದ್ದು ಮುಂದಿನ ಚಕ್ರ.

ಹೇಳಬೇಕಿತ್ತು. ಹೇಳಲಿಲ್ಲ. ಸಂಜೆ ಅಂಗಡಿಯಲ್ಲಿ ಸದ್ದಿಲ್ಲದೆ ಬ್ರೇಕಿನ ತಂತಿಗಳನ್ನು ಸರಿಪಡಿಸಿಬಿಟ್ಟಳು, ಕಳ್ಳಿಯ ಹಾಗೆ.

ಅವನು ಕಟಿಂಗ್ ಶಾಪಿನವನು. ಮುರಿದದ್ದು ಬಲ ಮಣಿಕಟ್ಟು. ಆರು ವಾರ ಅವಳು ದಿನಾ ಹೋದಳು. ಶಾಪಿನ ಕನ್ನಡಿ ಒರೆಸಿದಳು, ಕತ್ತರಿಗಳಿಗೆ ಎಣ್ಣೆ ಹಾಕಿದಳು.

"ಬೇರೆಯವರ ನೋವಿಗೆ ಇಷ್ಟು ಮರುಗೋ ಹುಡುಗಿ ಎಲ್ಲಿ ಸಿಗ್ತಾಳೋ?" ಎಂದು ಅವನ ಅಕ್ಕ ಹೊಗಳಿದಾಗಲೆಲ್ಲ ಅವಳಿಗೆ ನೆಲ ಬಾಯ್ಬಿಡಬಾರದೇ ಅನಿಸುತ್ತಿತ್ತು. ಅವನ ಕಣ್ಣಲ್ಲಿ ಪ್ರೀತಿ ಕಂಡಾಗಂತೂ... ಇನ್ನೂ ಹೆಚ್ಚು!

ಪಟ್ಟಿ ಬಿಚ್ಚಿದರೂ ಅವನು ಕತ್ತಿ ಮುಟ್ಟಲಿಲ್ಲ.

"ಶಾಪ್ ಬಿಟ್ಟುಬಿಡ್ತೀನಿ," ಎಂದ ಒಂದು ದಿನ. "ಬೇಕಾದ ಹೊತ್ತಲ್ಲಿ ಕೈಕೊಟ್ಟ ಕೈ ಇದು. ಇದನ್ನ ನಂಬಿ ಇನ್ನೊಬ್ಬರ ಕುತ್ತಿಗೆ ಹತ್ರ ಹೇಗೆ ಹೋಗ್ಲಿ?"

ಅವಳು ಎಣ್ಣೆಯ ಡಬ್ಬಿ ಕೆಳಗಿಟ್ಟಳು. "ನಾಳೆ ಬೆಳಿಗ್ಗೆ ಕಾಡಿಗೆ ಬನ್ನಿ. ಅದೇ ಸೈಕಲ್ಲಲ್ಲಿ ಒಂದೇ ಒಂದ್ಸಲ!"

ಬಂದ. ದಾರಿಯ ಮೊದಲಿಗೆ, ಅದೆಷ್ಟು ಕಠಿಣ ಎಂದು ತಿಳಿಸುವ 'ಮಧ್ಯಮ' ಎಂಬ ಬೋರ್ಡು. ಬೇರುಗಳ ಮೇಲೆ ಗಡಗಡ ಕುಲುಕಾಡಿ, ಹಲಗೆಯ ಸೇತುವೆ ದಾಟಿ, ಏದುಸಿರು ಬಿಡುತ್ತ ಏರು ಹತ್ತಿದರು. ಇಳಿಜಾರಿನ ತುದಿಯಲ್ಲಿ ಅವನು ಕಾಲೂರಿ ನಿಂತ. ಕೈ ನಡುಗುತ್ತಿತ್ತು.

'ಹೇಳಿದರೆ ಇವನು ಹೋಗುತ್ತಾನೆ. ಹೇಳದಿದ್ದರೆ ಇವನ ಕೈ ಹೋಗುತ್ತದೆ...'

"ನಿಮ್ಮ ಕೈ ತಪ್ಪು ಮಾಡಿಲ್ಲ," ಎಂದಳು. "ಬ್ರೇಕ್ ಅದಲುಬದಲು ಮಾಡಿದ್ದು ನಾನು. ನೀವು ಸರಿಯಾದ ಕೈಯಲ್ಲೇ ಒತ್ತಿದ್ರಿ. ಗೊತ್ತಿದ್ದೂ ಸುಮ್ನಿದ್ದೆ..." ಮುಂದಿನ ಮಾತು ಅಳುವಿನಲ್ಲಿ ಮುಳುಗಿತು.

ಅವನ ಮುಖ ಕೆಂಪಾಯಿತು. ಬಗ್ಗಿ ಬ್ರೇಕಿನ ತಂತಿ ನೋಡಿದ.

"ಈಗ ಸರಿ ಇದೆಯಾ?"

"ಮೂರು ಸಲ ನೋಡಿದೀನಿ."

ಅವನು ಹೊರಟೇಬಿಟ್ಟ! ಒದ್ದೆ ಎಲೆಗಳ ಮೇಲೆ ಸೈಕಲ್ ಜಾರುತ್ತ ಇಳಿಯಿತು. ಬಿದ್ದಿದ್ದ ಜಾಗದಲ್ಲೇ ಬಲಗೈ ಬ್ರೇಕನ್ನು ಮೆಲ್ಲನೆ ಒತ್ತಿದ. ನಿಂತಿತು. ತನ್ನ ಅಂಗೈಯನ್ನು ಅವನು ತಿರುಗಿಸಿ ತಿರುಗಿಸಿ ನೋಡಿಕೊಂಡ.

ಆಮೇಲೆ ಸೈಕಲ್ ತಳ್ಳಿಕೊಂಡು ಮೇಲೆ ಬಂದ.

"ಆರು ವಾರ ನನ್ನ ಕೈಯನ್ನ ನಾನೇ ಬೈಕೊಂಡಿದೀನಿ. ತುಂಬಾ ಕೋಪ ಇದೆ ನಂಗೆ."

"ಗೊತ್ತು. ನಾಳೆಯಿಂದ ಬರಲ್ಲ..."

"ನಾಳೆ ಶಾಪ್ ತೆಗೀತೀನಿ. ನಿಮ್ಮಪ್ಪನ ಗಡ್ಡವೇ ಮೊದಲು. ಕರ್ಕೊಂಡು ಬಾ."

ಬಾ! ಇಷ್ಟು ದಿನ 'ಬನ್ನಿ' ಎನ್ನುತ್ತಿದ್ದವನು! ಅವಳು ಕಣ್ಣೊರೆಸಿಕೊಂಡಳು.

"ಮತ್ತೆ ಕೋಪ?"

"ಇಳಿಯೋವರೆಗೂ ದಿನಾ ಬರ್ಬೇಕು."

"ಇಳಿದ್ಮೇಲೆ?"

ಅವನು ಅವಳ ಎಡಗೈಯನ್ನು ತನ್ನ ಬಲಗೈಯಲ್ಲಿ ಹಿಡಿದ. ಆ ಕೈ ಈಗ ನಡುಗುತ್ತಿರಲಿಲ್ಲ.

"ಅಷ್ಟು ಬೇಗ ಇಳಿಸಲ್ಲ ಬಿಡು, ಎಡಚಿ."